ಎರಡನೇ ಬ್ರೇಕು

ಫೆಬ್ರವರಿ 3, ಸೋಮವಾರ

ಇವತ್ತು ಅವಳಿಗೆ ಐವತ್ತೈದು ತುಂಬಿತು. ನನ್ನ ನೆಮ್ಮದಿಗೆ ಕಲ್ಲು ಬಿತ್ತು.

ಹೊರಗೆ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಓಟದಲ್ಲಿ ಐದೈದು ವರ್ಷಕ್ಕೆ ಒಂದು ಗುಂಪು. ಐವತ್ತರಿಂದ ಐವತ್ನಾಲ್ಕರವರದು ಒಂದು, ಐವತ್ತೈದರಿಂದ ಐವತ್ತೊಂಬತ್ತರವರದು ಇನ್ನೊಂದು. ನನ್ನ ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಹಾಗಾಗಿ ಪ್ರತಿ ಐದು ವರ್ಷದಲ್ಲಿ ಮೂರು ವರ್ಷ ನಾವು ಬೇರೆ ಬೇರೆ ಗುಂಪು, ಉಳಿದ ಎರಡು ವರ್ಷ ಒಂದೇ ಗುಂಪು. ಮೂರು ವರ್ಷ ಶಾಂತಿ, ಎರಡು ವರ್ಷ ಯುದ್ಧ. ಈ ಮೂರು ವರ್ಷವೂ ನೂರು ಮೀಟರಿನ ಚಿನ್ನ ನನ್ನ ಕೊರಳಿಗೇ ಬಿದ್ದಿದೆ. ಏಪ್ರಿಲ್‌ನಲ್ಲಿ ನಡೆಯುವ ಈ ವರ್ಷದ ಓಟಕ್ಕೆ ಆ ಮಹಾತಾಯಿ ನನ್ನ ಗುಂಪಿಗೆ ಬರುತ್ತಾಳೆ, ಅದೂ ಗುಂಪಿನ ಎಲ್ಲರಿಗಿಂತ ಎಳೆಯವಳಾಗಿ.

ಅಪ್ಪ ಅವಳನ್ನು ಕಾರ್ಬನ್ ಕಾಪಿ ಎಂದು ಕರೆಯುತ್ತಿದ್ದರು. ನಾನು ಒಂದು ಜಡೆ ಹಾಕಿದರೆ ಅವಳಿಗೂ ಒಂದು ಜಡೆ. ನಾನು ಸೈಕಲ್ ಕಲಿತರೆ ಅವಳಿಗೂ ಸೈಕಲ್. ನಾನು ನಲವತ್ತೈದಕ್ಕೆ ಓಡಲು ಶುರು ಮಾಡಿದೆ, ಅವಳು ಐವತ್ತಕ್ಕೆ ಹಿಂದೆಯೇ ಬಂದಳು. ಬಂದವಳು ಸುಮ್ಮನೆ ಓಡಿದಳೇ? ನನ್ನನ್ನು ಸೋಲಿಸಿದಳು. ಸೋಲಿಸಿದರೂ ಸಹಿಸಿಕೊಳ್ಳುತ್ತಿದ್ದೆ. ಪದಕ ಹಾಕಿಕೊಂಡು ಪೇಪರಿನವನ ಮುಂದೆ ನಿಂತು, "ನಮ್ಮಕ್ಕಂದು ದೊಡ್ಡ ಮನಸ್ಸು, ನನಗೆ ಬಿಟ್ಟುಕೊಟ್ಳು" ಅಂದಳು. ಅದು ಅಚ್ಚೂ ಆಯಿತು. ಜೀವ ಬಾಯಿಗೆ ಬರುವ ಹಾಗೆ ಓಡಿದ್ದೆ ನಾನು! ಬಿಟ್ಟುಕೊಟ್ಟೆನಂತೆ! ಅವತ್ತಿನಿಂದ ಅವಳ ಜೊತೆ ಮಾತಿಲ್ಲ.

ನಮ್ಮ ಯಜಮಾನರು ಪದಬಂಧದಿಂದ ತಲೆ ಎತ್ತದೆ, "ಹುಟ್ಟಿದ ದಿನ ಕಣೇ, ಒಂದು ಫೋನಾದ್ರೂ ಮಾಡು" ಅಂದರು.

"ರೀ, ನಿಮ್ಮ ಚೌಕ ನೀವು ತುಂಬ್ಕೊಳ್ಳಿ" ಅಂದೆ.

ಒಂದೇ ಒಂದನ್ನು ಅವಳಿಗೆ ನಕಲು ಮಾಡಲಾಗಲಿಲ್ಲ. ಕಾರು. ಸ್ಟೀರಿಂಗ್ ಕಂಡರೆ ಮಾರು ದೂರ ಸರಿಯುತ್ತಾಳೆ. ನಾನು ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಡ್ರೈವಿಂಗ್ ಕಲಿಸುತ್ತಿದ್ದೇನೆ. ಅದೊಂದಾದರೂ ನನ್ನದಾಗಿ ಉಳಿದಿದೆ.

ಫೆಬ್ರವರಿ 10, ಸೋಮವಾರ

ಉಳಿದಿತ್ತು ಎಂದು ತಿದ್ದಿಕೊಳ್ಳಬೇಕು.

ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿಗೆ ಕಾಲಿಡುತ್ತಿದ್ದ ಹಾಗೆ ಮಾಲೀಕ ಹಲ್ಲು ಕಿರಿದು, "ಮೇಡಂ, ಹೊಸ ಸ್ಟೂಡೆಂಟು. ಹೆಂಗಸರೇ ಕಲಿಸ್ಬೇಕು ಅಂತಾರೆ, ನಮ್ಮಲ್ಲಿರೋದು ನೀವೊಬ್ರೇ" ಅಂದ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ನನ್ನ ತಂಗಿ.

"ಊರಲ್ಲಿ ಬೇರೆ ಸ್ಕೂಲೇ ಇಲ್ವಾ ನಿನಗೆ?"

"ಇವೆ ಅಕ್ಕ. ಎಲ್ಲಾ ಕಡೆ ಹುಡುಗರು, ಕಿರುಚ್ತಾರೆ."

"ನಾನು ಹಾಡು ಹೇಳ್ತೀನಿ ಅಂದ್ಕೊಂಡ್ಯಾ?"

ಅವಳು ಕೈಚೀಲದ ಹಿಡಿಯನ್ನು ತಿರುಚಿದಳು. "ಇವರ ಕಣ್ಣು ಹೋಗ್ತಾ ಇದೆ. ಇನ್ಮೇಲೆ ಗಾಡಿ ಮುಟ್ಟಬೇಡಿ ಅಂದುಬಿಟ್ಟಿದ್ದಾರೆ ಡಾಕ್ಟ್ರು. ಆಸ್ಪತ್ರೆಗೆ, ಮಾರ್ಕೆಟ್ಟಿಗೆ, ಟ್ರ್ಯಾಕಿಗೆ, ಎಲ್ಲದಕ್ಕೂ ಅವರೇ ಕರ್ಕೊಂಡು ಹೋಗ್ತಿದ್ರು. ಈಗ ನಾನು ಕಲೀಲೇಬೇಕು."

ಟ್ರ್ಯಾಕ್ ಎನ್ನುವ ಮಾತು ಕಿವಿಗೆ ಬಿತ್ತು. ಇದು ನಾಟಕವೋ ಏನೋ. ಓಟಕ್ಕೆ ಎರಡು ತಿಂಗಳಿರುವಾಗ ದಿನಾ ನನ್ನ ಪಕ್ಕದಲ್ಲಿ ಕೂತು ನನ್ನ ತಲೆ ಕೆಡಿಸುವುದು, ಮೊಣಕಾಲು ಹೇಗಿದೆ ಎಂದು ಬಾಯಿ ಬಿಡಿಸುವುದು. ಅಷ್ಟು ಬುದ್ಧಿ ಅವಳಿಗಿದೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಮಾಲೀಕ ಆಗಲೇ ರಸೀದಿ ಹರಿದುಕೊಟ್ಟಿದ್ದ, ದರಿದ್ರದವನು.

ಫೆಬ್ರವರಿ 14, ಶುಕ್ರವಾರ

ಕ್ಲಚ್ ಬಿಟ್ಟಳು, ಗಾಡಿ ನಿಂತಿತು. ಬಿಟ್ಟಳು, ನಿಂತಿತು. ಕಂಬಕ್ಕೆ ಕಲಿಸಿದ್ದರೆ ಇಷ್ಟು ಹೊತ್ತಿಗೆ ಕಂಬವೇ ಊರು ಸುತ್ತಿ ಬರುತ್ತಿತ್ತು.

ಹಾಗೇ ಹೇಳಿದೆ. ಅವಳು ನಕ್ಕಳು. ನನಗೆ ಮೈ ಉರಿಯಿತು.

ಫೆಬ್ರವರಿ 25, ಮಂಗಳವಾರ

ಸಿಕ್ಕಿಬಿದ್ದಳು!

ನಮ್ಮ ಕಸುಬಿನಲ್ಲಿ ರಸ್ತೆ ನೋಡುವವನು ದಡ್ಡ. ಕಲಿಯುವವರನ್ನು ನೋಡಬೇಕು. ನನ್ನ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಅದರ ಮೇಲೆ ನನ್ನ ಬಲಗಾಲು ಇಷ್ಟು ವರ್ಷವೂ ಕೂತೇ ಇದೆ. ತಪ್ಪು ನಡೆದ ಮೇಲೆ ಒತ್ತಿದರೆ ಬಂದ ಭಾಗ್ಯವೇನು? ತಪ್ಪು ಅವರ ತಲೆಯಿಂದ ಕಾಲಿಗೆ ಇಳಿಯುವ ಮುಂಚೆ ಒತ್ತಬೇಕು. ಅದಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಗುರುತಿರುತ್ತದೆ. ಒಬ್ಬರ ಭುಜ ಏಳುತ್ತದೆ, ಇನ್ನೊಬ್ಬರು ತುಟಿ ಕಚ್ಚುತ್ತಾರೆ.

ಅವಳದು ಮೂಗು. ಸಿಗ್ನಲ್ ಇನ್ನೂ ಕೆಂಪಿರುವಾಗಲೇ ಸೊರ್ ಎಂದು ಮೂಗಿನಲ್ಲಿ ಉಸಿರೆಳೆಯುತ್ತಾಳೆ, ಮರುಕ್ಷಣ ಗಾಡಿ ಬಿಡುತ್ತಾಳೆ. ಚಿಕ್ಕಂದಿನಲ್ಲೂ ಹೀಗೇ. ಕಾಂಪೌಂಡ್ ಗೋಡೆಯಿಂದ ಹಾರುವ ಮುಂಚೆ ಸೊರ್. ನನ್ನ ತಟ್ಟೆಗೆ ಕೈ ಹಾಕುವ ಮುಂಚೆ ಸೊರ್. ಇವತ್ತು ನಾಲ್ಕಾರು ಸಿಗ್ನಲ್‌ನಲ್ಲಿ ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಅವಳಿಂದ ಕಾಯುವುದಕ್ಕೇ ಆಗುವುದಿಲ್ಲ.

ಏಪ್ರಿಲ್ ಓಟಕ್ಕೆ ಸ್ಟಾರ್ಟರ್ ಆಗಿ ಬರುವುದು ಆ ಬಿಳಿ ಟೋಪಿಯ ಮುದುಕ. 'ಸೆಟ್' ಎಂದ ಮೇಲೆ ನಿದ್ದೆ ಹೋದನೇನೋ ಎನ್ನುವಷ್ಟು ಕಾಯಿಸಿ ಗುಂಡು ಹಾರಿಸುತ್ತಾನೆ. ಗುಂಡಿಗಿಂತ ಮುಂಚೆ ಹೊರಟರೆ ಎಚ್ಚರಿಕೆ ಗಿಚ್ಚರಿಕೆ ಇಲ್ಲ, ಸೀದಾ ಕೆಂಪು ಕಾರ್ಡ್, ಓಟದಿಂದ ಹೊರಗೆ. ಎಲ್ಲರೂ ಬೆರಳೂರಿದ ಹಾಗೇ ಸೊಂಟ ಎತ್ತಿ ಎದ್ದು ಸ್ತಬ್ಧವಾಗುವ ತನಕ ಅವನು ಪಿಸ್ತೂಲಿನ ಕುದುರೆ ಎಳೆಯುವುದಿಲ್ಲ. ನಾನು ನಿಧಾನಕ್ಕೆ ಎದ್ದರೆ ಸಾಕು. ಅಷ್ಟು ಹೊತ್ತು ಇವಳು ಬೆರಳ ತುದಿಯ ಮೇಲೆ ನಡುಗುತ್ತಾ ನಿಂತಿರುತ್ತಾಳೆ. ಆಮೇಲೆ ಸೊರ್. ಆಮೇಲೆ ಕೆಂಪು ಕಾರ್ಡ್.

ಇದರಲ್ಲಿ ಮೋಸವೇನಿದೆ? ನಿಧಾನಕ್ಕೆ ಏಳಬಾರದು ಎಂದು ಯಾವ ನಿಯಮವೂ ಇಲ್ಲ.

ಮಾರ್ಚ್ 5, ಬುಧವಾರ

ಟ್ರ್ಯಾಕಿನಲ್ಲಿ ಅಭ್ಯಾಸ. ಯಜಮಾನರೇ ಸ್ಟಾರ್ಟರ್, ಗುಂಡಿನ ಬದಲು ಅವರ ಎರಡು ಚಪ್ಪಲಿ. 'ಸೆಟ್' ಎಂದು ಕೂಗಿ, ಒಂದಕ್ಕೊಂದು ಹೊಡೆಯುತ್ತಾರೆ. ಹೊರಡುವಾಗ ಒದ್ದು ಚಿಮ್ಮಲು ನೆಲಕ್ಕೆ ಹೊಡೆದ ಎರಡು ಬ್ಲಾಕು, ಬಲಗಾಲು ಹಿಂದಿನದರಲ್ಲಿ, ಎಡಗಾಲು ಮುಂದಿನದರಲ್ಲಿ. ನಾನು ಮೆಲ್ಲಗೆ, ಹಿಟ್ಟು ಉಬ್ಬುವ ಹಾಗೆ ಎದ್ದೆ.

"ಏನೇ ಇದು, ಸೊಂಟ ಹಿಡ್ಕೊಂಡಿದ್ಯಾ?"

"ನೀವು ಚಪ್ಪಲಿ ಹೊಡೀರಿ ಸಾಕು."

"ಮೊದಲೆಲ್ಲ ಚಟ್ಟಂತ ಏಳ್ತಿದ್ದೆ."

ಹೇಳಿದೆ. ಅವರು ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡರು. "ನಿನ್ನ ತಂಗಿ ಕಣೇ ಅವಳು" ಅಂದರು. ಗೊತ್ತಿಲ್ಲವೇ ನನಗೆ? ಬೇರೆ ಯಾರಾದರೂ ಆಗಿದ್ದರೆ ಇಷ್ಟು ಕಷ್ಟ ಯಾರು ಪಡುತ್ತಿದ್ದರು?

ಮಾರ್ಚ್ 12, ಬುಧವಾರ

ರಿವರ್ಸ್ ಕಲಿಸುತ್ತಿದ್ದೆ. ಕನ್ನಡಿಯಲ್ಲಿ ಹಿಂದಿನ ಗೋಡೆ ನೋಡುತ್ತಲೇ ಅವಳು ಕೇಳಿದಳು.

"ಅಕ್ಕ, ಇಷ್ಟು ವರ್ಷ ಯಾಕೆ ಮಾತು ಬಿಟ್ಟೆ? ನಾನೇನು ಮಾಡ್ದೆ?"

"ಏನು ಮಾಡ್ದೆ? ಪೇಪರಿನವನಿಗೆ ಏನಂದೆ ಅಂತ ನೆನಪಿಲ್ವಾ? ಬಿಟ್ಟುಕೊಟ್ಳಂತೆ! ಇರೋ ಬರೋ ಉಸಿರೆಲ್ಲ ಹಾಕಿ ಓಡಿದೀನಿ ಅವತ್ತು. ಸೋತೆ ಅಂತ ಬರೆಸಿದ್ರೂ ಮಾನ ಇರ್ತಿತ್ತು."

ಅವಳು ಗಾಡಿ ನಿಲ್ಲಿಸಿದಳು. ಈ ಸಲ ಕ್ಲಚ್ ಸರಿಯಾಗಿ ಹಿಡಿದಿದ್ದಳು.

"ನಿಜವಾಗ್ಲೂ ಬಿಟ್ಟುಕೊಟ್ಟೆ ಅಂತಾನೇ ಅಂದ್ಕೊಂಡಿದ್ದೆ ಅಕ್ಕ. ಯಾವಾಗ್ಲೂ ಬಿಟ್ಟುಕೊಡ್ತಿದ್ದೆ ಅಲ್ವಾ ನೀನು. ಕಿಟಕಿ ಪಕ್ಕದ ಸೀಟು. ಆ ನೀಲಿ ಸ್ವೆಟರು."

"ನಾನು ಯಾವತ್ತೂ ಏನೂ ಬಿಟ್ಟುಕೊಟ್ಟಿಲ್ಲ. ಸ್ವೆಟರ್ ನನಗೆ ಬಿಗಿ ಆಗ್ತಿತ್ತು."

ಅವಳ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಆಗಲಿ, ಸತ್ಯ ಸತ್ಯವೇ. ಮಿಕ್ಕ ಪಾಠದಲ್ಲಿ ಒಂದು ತಪ್ಪೂ ಮಾಡಲಿಲ್ಲ. ಗಾಡಿಯೊಳಗೆ ಕೂರುವುದೇ ಹಿಂಸೆಯಾಯಿತು.

ಮಾರ್ಚ್ 22, ಶನಿವಾರ

ವೃತ್ತದಲ್ಲಿ ಲಾರಿ. ಅವಳಿಗೆ ಕಾಣಿಸಲೇ ಇಲ್ಲ. ಸೊರ್ ಎಂದದ್ದೇ ತಡ, ನನ್ನ ಕಾಲು ಪೆಡಲನ್ನು ನೆಲಕ್ಕೆ ಇಳಿಸಿಬಿಟ್ಟಿತು. ಲಾರಿ ನಮ್ಮ ಬಾನೆಟ್‌ಗೆ ಗೇಣು ಬಿಟ್ಟು ಹೋಯಿತು. ಡ್ರೈವರ್ ನಮ್ಮ ವಂಶದವರನ್ನೆಲ್ಲ ನೆನೆದುಕೊಂಡ. ನಾನೂ ಗಾಜು ಇಳಿಸಿ ಅವನ ವಂಶದವರನ್ನು ನೆನೆದೆ.

ಅವಳು ಸ್ಟೀರಿಂಗ್ ಬಿಟ್ಟು, "ಅಕ್ಕ, ನೀನಿಲ್ದಿದ್ರೆ..." ಎಂದಳು.

"ಗಾಡಿ ಮಾಲೀಕಂದು. ಅದಕ್ಕೇ ಒತ್ತಿದ್ದು" ಅಂದೆ.

ಮನೆಯ ತನಕ ನಾನೇ ಓಡಿಸಿಕೊಂಡು ಹೋಗಿ ಬಿಟ್ಟೆ. ಅವಳ ಗಂಡ ಗೇಟಿನ ಹತ್ತಿರ ನಿಂತಿದ್ದರು. ಒಂದು ಕೈ ಕಂಬಿಯ ಮೇಲಿತ್ತು. ಮುಖ ಗಾಡಿಯ ಸದ್ದಿನ ಕಡೆಗೆ ತಿರುಗಿತ್ತು, ನಮ್ಮ ಕಡೆಗಲ್ಲ.

"ಅತ್ತಿಗೆ, ಇವತ್ತು ಗೇರು ಕಿರುಗುಟ್ಟಲೇ ಇಲ್ಲ. ನೀವು ಓಡಿಸಿದ್ರಿ ಅಲ್ವಾ?"

"ಹೌದು."

"ಓಟದ ದಿನ ನಾನೂ ಬರ್ತೀನಿ. ಇವಳು ಓಡೋವಾಗ ಏನಾಗ್ತಿದೆ ಅಂತ ಯಾರಾದ್ರೂ ಪಕ್ಕದಲ್ಲಿ ನಿಂತು ಹೇಳಿದ್ರೆ ಸಾಕು."

ನಾಟಕವಲ್ಲ. ಅಷ್ಟು ಒಪ್ಪುತ್ತೇನೆ. ಅವರ ಅಂಗಿಯ ಗುಂಡಿಗಳು ಒಂದೊಂದು ಕಾಜ ತಪ್ಪಿದ್ದವು. ಅವಳು ಇಳಿದು ಹೋಗಿ ಮಾತಾಡುತ್ತಲೇ ಸರಿಮಾಡಿದಳು, ಅವರಿಗೆ ಗೊತ್ತೇ ಆಗದ ಹಾಗೆ.

ಭಾನುವಾರಗಳಲ್ಲೂ ಪಾಠಕ್ಕೆ ಬಾ ಎಂದಿದ್ದೇನೆ. ನನ್ನ ಕೈಯಲ್ಲಿ ಕಲಿತವರು ಇದುವರೆಗೆ ಟೆಸ್ಟಿನಲ್ಲಿ ಫೇಲಾಗಿಲ್ಲ. ಇವಳಿಂದ ನನ್ನ ಹೆಸರು ಹಾಳಾಗಬೇಕೇ?

ಏಪ್ರಿಲ್ 5, ಶನಿವಾರ

ಟ್ರ್ಯಾಕಿಗೆ ಹೊಸ ಸ್ಪೈಕ್ಸ್ ಶೂ ಹಾಕಿಕೊಂಡು ಬಂದಿದ್ದಳು. ನನ್ನದೇ ಕಂಪನಿ, ನನ್ನದೇ ಬಣ್ಣ, ಲೇಸು ಕೂಡ ನನ್ನ ಹಾಗೇ ಪಕ್ಕಕ್ಕೆ ಕಟ್ಟಿದ್ದಳು. ಐವತ್ತೈದಾದರೂ ನಾಚಿಕೆ ಬೇಡವೇ? ಎಲ್ಲರೂ ನೋಡಿ, "ಅಕ್ಕ ತಂಗಿ ಜೋಡಿ ಜೋಡಿ" ಎಂದು ಕೊಂಡಾಡಿದರು.

ಅಭ್ಯಾಸದ ಓಟದಲ್ಲಿ ಎಪ್ಪತ್ತು ಮೀಟರಿನ ತನಕ ನಾನು ಮುಂದೆ. ಆಮೇಲೆ ಅವಳ ಕಾಲಿನ ಸದ್ದು ಪಕ್ಕಕ್ಕೆ ಬಂತು, ಮುಂದೆ ಹೋಯಿತು. ಸುಮ್ಮನೆ ಓಡಿದರೆ ಗೆಲ್ಲಲಾರೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ. ನಿಧಾನಕ್ಕೆ ಏಳುವುದೊಂದೇ ದಾರಿ.

ಇನ್ನೊಂದು ವಿಷಯ. ಕೊನೆಯ ಇಪ್ಪತ್ತು ಮೀಟರಿನಲ್ಲಿ ತಲೆ ಎತ್ತಿ ಓಟ ಮುಗಿಯುವ ಗೆರೆ ಹುಡುಕುತ್ತಾಳೆ. ಅದರಿಂದ ಮೈ ಹಿಂದಕ್ಕೆ ವಾಲುತ್ತದೆ. ಹೇಳಬಾರದು ಎಂದು ಹಲ್ಲು ಕಚ್ಚಿ ಸುಮ್ಮನಿದ್ದೆ.

ಏಪ್ರಿಲ್ 12, ಶನಿವಾರ

ಬರೆದೇ ಮಲಗಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಆರು ಜನ. ನಾನು ನಾಲ್ಕನೇ ಲೇನ್, ಅವಳು ಐದನೇದು. ಬೇಲಿಯ ಆಚೆ ನಮ್ಮ ಯಜಮಾನರು, ಅವರ ಪಕ್ಕದಲ್ಲಿ ಅವಳ ಗಂಡ. ಬಿಳಿ ಟೋಪಿಯ ಮುದುಕ ಬಂದು ಮೆಟ್ಟಿಲಿನ ಮೇಲೆ ನಿಂತ. 'ಆನ್ ಯುವರ್ ಮಾರ್ಕ್ಸ್' ಎಂದ. ಬೆರಳು ಗೆರೆಯ ಹಿಂದೆ ಇಟ್ಟೆವು. ನನ್ನ ಬಲಗಾಲು ಹಿಂದಿನ ಬ್ಲಾಕಿಗೆ ಒರಗಿತು.

'ಸೆಟ್.'

ಅವಳು ಚಟ್ಟನೆ ಎದ್ದಳು. ನಾನು ಒಂದೂವರೆ ತಿಂಗಳು ಕಲಿತದ್ದನ್ನು ಮಾಡಿದೆ. ಮೆಲ್ಲಗೆ, ಮೆಲ್ಲಗೆ ಎದ್ದೆ. ಅವಳ ಬೆರಳುಗಳು ಬೆಳ್ಳಗಾಗಿ ನಡುಗುವುದು ಕಣ್ಣಂಚಿಗೆ ಕಾಣುತ್ತಿತ್ತು. ಮುದುಕ ಕಾಯಿಸಿದ. ಇಡೀ ಮೈದಾನ ಸದ್ದಡಗಿತು. ಆಗ, ನನ್ನ ಪಕ್ಕದಲ್ಲೇ, ಸೊರ್.

ಬಂತು! ಇದನ್ನೇ ಕಾದದ್ದು. ನಾನು ಕಲ್ಲಿನ ಹಾಗೆ ನಿಂತಿದ್ದರೆ ಮುಗಿದಿತ್ತು. ಅವಳು ಹೋಗುತ್ತಿದ್ದಳು, ಕೆಂಪು ಕಾರ್ಡ್ ಅವಳ ಮುಖದ ಮುಂದೆ, ಚಿನ್ನ ನನಗೆ.

ನನ್ನ ಬಲಗಾಲು ಬ್ರೇಕ್ ಒತ್ತಿತು.

ಲಾರಿ ಬಂದ ದಿನ ಒತ್ತಿದಷ್ಟೇ ಜೋರಾಗಿ ಒತ್ತಿತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು? ಇದ್ದದ್ದು ಬ್ಲಾಕು. ಅದು ನನ್ನನ್ನು ಎತ್ತಿ ಮುಂದಕ್ಕೆ ಎಸೆಯಿತು. ಮೂರು ಹೆಜ್ಜೆ ಹೋದ ಮೇಲೆ ವಾಪಸ್ ಕರೆಯುವ ಗುಂಡಿನ ಸದ್ದು ಕೇಳಿತು. ತಿರುಗಿ ನೋಡಿದರೆ ನನ್ನ ಹಿಂದೆಯೇ ಅವಳೂ ಬ್ಲಾಕ್ ಬಿಟ್ಟು ಹೊರಬಿದ್ದಿದ್ದಳು. ಆದರೆ ಕಾರ್ಡು ಮೊದಲು ಅಲುಗಿದವರಿಗೆ ಮಾತ್ರ. ಮುದುಕ ನನ್ನ ಮುಂದೆ ಬಂದು ಅದನ್ನು ಎತ್ತಿ ಹಿಡಿದ. ಮೂರು ವರ್ಷದ ಚಿನ್ನದವಳು ಮೂರು ಹೆಜ್ಜೆಗೇ ಹೊರಗೆ. ನಾಚಿಕೆಯಿಂದ ಮೈಯೆಲ್ಲ ಸುಟ್ಟಿತು. ನನ್ನ ಕಾಲಿಗೇ ನಾನು ಬೈದೆ, ಎಲ್ಲರಿಗೂ ಕೇಳುವ ಹಾಗೆ.

ಬೇಲಿಯ ಹತ್ತಿರ ಹೋದೆ. ಯಜಮಾನರು ನೀರು ತರಲು ಹೋಗಿದ್ದರು. ಅವಳ ಗಂಡ ಒಬ್ಬರೇ ಕಂಬಿ ಹಿಡಿದು ನಿಂತಿದ್ದರು.

"ಅತ್ತಿಗೆ, ನೀವೇನಾ? ಏನಾಯ್ತು? ಯಾರು ಹೊರಗೆ ಹೋದ್ರು?"

"ನಾನು. ಸುಮ್ನಿರಿ, ಮತ್ತೆ ಶುರು ಆಗ್ತಿದೆ."

ಗುಂಡು ಹಾರಿತು. ಅವರು ನನ್ನ ತೋಳು ಹಿಡಿದುಕೊಂಡರು. ಬೇರೆ ಯಾರೂ ಇರಲಿಲ್ಲ, ನಾನೇ ಹೇಳಬೇಕಾಯಿತು.

"ಹೊರಟ್ರು. ನಿಮ್ಮವಳು ತಡವಾಗಿ ಎದ್ಳು, ಹೆದರಿದಾಳೆ ದಡ್ಡಿ. ಮೂರನೇದು. ಈಗ ಎರಡನೇದು. ಕೈ ಬೀಸೇ, ಕೈ ಬೀಸು! ಸಮ ಬಂದ್ಳು. ಮುಂದೆ ಬಂದ್ಳು. ಅಯ್ಯೋ, ತಲೆ ಎತ್ತಿದ್ಳು! ತಲೆ ತಗ್ಗಿಸೇ ಕಾರ್ಬನ್! ತಗ್ಗಿಸು! ಹಾಂ, ಹಾಂ, ಗೆರೆಗೆ ಎದೆ ಹಾಕು, ಹಾಕು... ಬಂತು!"

"ಏನು ಬಂತು?"

"ಚಿನ್ನ ಬಂತು ನಿಮ್ಮನೆಗೆ. ತೋಳು ಬಿಡಿ, ನೋಯ್ತಿದೆ."

ಗಂಟಲು ಕಟ್ಟಿಹೋಗಿದೆ. ಅವರಿಗೆ ಕೇಳಿಸಲಿ ಎಂದು ಕಿರುಚಿದ್ದು, ಅಷ್ಟೇ. ಅವರು ಮುಖ ಮುಚ್ಚಿಕೊಂಡು ಅತ್ತರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಸ್ಪೈಕ್ಸ್ ಬಿಚ್ಚಿದೆ.

ಪೇಪರಿನವನು ಅವಳನ್ನು ಸುತ್ತಿಕೊಂಡಿದ್ದ. ಅಂದುಬಿಟ್ಟಳು, ಮತ್ತೆ ಅಂದುಬಿಟ್ಟಳು ಎಂದುಕೊಂಡೆ. ಅವಳು ನನ್ನ ಹತ್ತಿರ ಬಂದಾಗ ಪದಕವನ್ನು ಜೇಬಿನಲ್ಲಿಟ್ಟುಕೊಂಡಿದ್ದಳು.

"ಏನಂದೆ ಅವನಿಗೆ?"

"ಅಕ್ಕ ನನಗೆ ಹೆದರಿ ಮುಂಚೇನೇ ಹಾರಿದ್ಳು ಅಂದೆ."

"ಬಿಟ್ಟುಕೊಟ್ಳು ಅನ್ನಲಿಲ್ಲ ತಾನೇ?"

"ಅನ್ನಲಿಲ್ಲ."

"ಅಂದಿದ್ರೆ ಇಲ್ಲೇ ಹೂತುಹಾಕ್ತಿದ್ದೆ."

ಅವಳು ನನ್ನ ಬಲಗಾಲನ್ನೇ ನೋಡುತ್ತಾ ನಿಂತಳು. "ಅಕ್ಕ, ನಾನು ಹೊರಟೇಬಿಟ್ಟಿದ್ದೆ. ನೀನು ಬ್ರೇಕ್ ಹಾಕಿದೆ ಅಲ್ವಾ?"

"ಕಾಲು ಹಾಕ್ತು. ನಾನಲ್ಲ" ಅಂದೆ. ಇದ್ದದ್ದನ್ನೇ ಹೇಳಿದ್ದು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಪಕ್ಕದಲ್ಲಿ ಯಾರಿದ್ದರೂ ಹಾಕುತ್ತಿತ್ತು.

ಏಪ್ರಿಲ್ 13, ಭಾನುವಾರ

ಪೇಪರ್ ಬಂತು. 'ತಂಗಿಗೆ ಹೆದರಿ ಎಡವಿದ ಅಕ್ಕ.' ಓದಿ ಕೆಂಡವಾದೆ. ನಾನು ಯಾರಿಗೆ ಹೆದರಿದ್ದು? ಕತ್ತರಿಸಿ ಈ ದಿನಚರಿಯ ಒಳಗೆ ಇಟ್ಟಿದ್ದೇನೆ, ಮುಂದಿನ ವರ್ಷ ಅವಳ ಮುಖಕ್ಕೆ ಹಿಡಿಯಲು.

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಪದಬಂಧದ ಪುಟವನ್ನು ಅವರ ಕೈಗೆ ಕೊಟ್ಟೆ.

ಏಪ್ರಿಲ್ 30, ಬುಧವಾರ

ಅವಳ ಟೆಸ್ಟು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತ, ನಾನು ಹೊರಗೆ ಬಿಸಿಲಿನಲ್ಲಿ ನಿಂತೆ. ರಿವರ್ಸ್ ತೆಗೆದುಕೊಳ್ಳುವಾಗ ನನ್ನ ಬಲಗಾಲು ಮಣ್ಣಿನಲ್ಲಿ ಒಂದು ಗುಂಡಿಯನ್ನೇ ತೋಡಿತ್ತು. ಪಾಸಾದಳು. ನನ್ನ ಹೆಸರು ಉಳಿಯಿತು.

ಮೇ 3, ಶನಿವಾರ

ಬೆಳಿಗ್ಗೆ ಬಾಗಿಲಲ್ಲಿ ಹಾರ್ನ್. ಅವಳದೇ ಕಾರು, ಅವಳೇ ಸ್ಟೀರಿಂಗ್ ಹಿಡಿದಿದ್ದಾಳೆ, ಹಿಂದಿನ ಸೀಟಿನಲ್ಲಿ ಅವಳ ಗಂಡ ರಾಜನ ಹಾಗೆ ಕೂತಿದ್ದಾರೆ. "ಟ್ರ್ಯಾಕಿಗೆ ಹೋಗೋಣ ಬಾ ಅಕ್ಕ."

"ನನಗೆ ಸ್ಕೂಟರ್ ಇದೆ" ಎನ್ನುತ್ತಲೇ ಹತ್ತಿ ಕೂತೆ. ಹೊಸ ಲೈಸೆನ್ಸಿನವರನ್ನು ರಸ್ತೆಗೆ ಹಾಗೇ ಬಿಡಲಾಗುತ್ತದೆಯೇ?

ಕೂತ ಮೇಲೆ ಗೊತ್ತಾಯಿತು, ಈ ಗಾಡಿಯಲ್ಲಿ ನನ್ನ ಕಡೆ ಪೆಡಲ್ ಇಲ್ಲ. ಕಾಲು ಹುಡುಕಿತು, ಬರಿಯ ಮ್ಯಾಟು ಸಿಕ್ಕಿತು. ದೊಡ್ಡ ಸಿಗ್ನಲ್‌ನಲ್ಲಿ ಕೆಂಪು ಬಿತ್ತು. ಸೊರ್ ಎಂದಳು. ನಾನು ಮ್ಯಾಟಿಗೆ ಕಾಲು ಊರಿ ಬಲವಾಗಿ ಒತ್ತಿದೆ. ಗಾಡಿ ಅಲುಗಲಿಲ್ಲ. ಎಳೆದ ಉಸಿರನ್ನು ಹಾಗೇ ಹಿಡಿದುಕೊಂಡು, ಹಸಿರು ಬೀಳುವ ತನಕ ಕಾದಳು.

"ಅಕ್ಕ, ಅಲ್ಲಿ ಏನೂ ಇಲ್ಲ" ಎಂದಳು, ನನ್ನ ಕಾಲನ್ನು ನೋಡಿ.

"ಗೊತ್ತು. ರಸ್ತೆ ನೋಡು."

ಟ್ರ್ಯಾಕ್ ಬರುವ ತನಕ ಒತ್ತುತ್ತಲೇ ಇದ್ದೆ. ಮೀನಖಂಡ ಈಗಲೂ ನೋಯುತ್ತಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಮುಂದಿನ ಏಪ್ರಿಲ್‌ನಲ್ಲಿ ನನಗೆ ಐವತ್ತೊಂಬತ್ತು, ಅವಳಿಗೆ ಐವತ್ತಾರು. ಅದಾದ ಮೇಲೆ ನಾನು ಅರವತ್ತರ ಗುಂಪಿಗೆ ಹೋಗಬೇಕು, ಅವಳು ಇಲ್ಲೇ ಉಳಿಯುತ್ತಾಳೆ, ಮತ್ತೆ ಮೂರು ವರ್ಷ ಬೇರೆ ಬೇರೆ. ಅಂದರೆ ಅವಳ ಪಕ್ಕದಲ್ಲಿ ಓಡಲು ನನಗೆ ಉಳಿದಿರುವುದು ಒಂದೇ ಒಂದು ಓಟ. ಒಂದು ಓಟದಲ್ಲಿ ಅವಳಿಗೆ ಏನೆಂದು ಬುದ್ಧಿ ಕಲಿಸಲಿ? ಯಾವ ಮೂಲೆಗೂ ಸಾಲುವುದಿಲ್ಲ. ಈ ಐದೈದು ವರ್ಷದ ನಿಯಮ ಮಾಡಿದವನು ನನ್ನ ಕೈಗೆ ಸಿಗಬೇಕು.